ಹೆಸರೇ ಕೇಳಿಲ್ವಲ್ಲ

"ಎಲ್ಲಾ ಚೆನ್ನಾಗಿದೆ. ಆದ್ರೆ ನಿಮ್ಮ ಕಂಪನಿ ಹೆಸರೇ ಕೇಳಿಲ್ವಲ್ಲ."

ಈ ಮಾತು ಹೇಳಿದವರು ಒಳ್ಳೆಯವರು. ದನಿಯಲ್ಲಿ ತಾತ್ಸಾರ ಇರಲಿಲ್ಲ, ಬೇಸರ ಇತ್ತು. ಆಗ ನಾನು ಹದಿನಾಲ್ಕು ಜನರ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಗೋದಾಮಿನಲ್ಲಿ ಯಾವ ಬಿಡಿಭಾಗ ಎಷ್ಟಿದೆ, ಯಾವುದು ಖಾಲಿಯಾಗ್ತಾ ಬಂತು, ಯಾವುದು ವರ್ಷಗಟ್ಟಲೆ ಧೂಳು ಹಿಡಿದು ಕೂತಿದೆ ಅಂತ ಲೆಕ್ಕ ಇಡುವ ಸಾಫ್ಟ್‌ವೇರ್ ನಮ್ಮದು. ಒಂದು ದೊಡ್ಡ ಕಾರ್ಖಾನೆಯವರು ಅದನ್ನು ಮೂರು ವಾರ ಬಳಸಿ ನೋಡಿದ್ದರು. ಕೊನೆಯ ಮೀಟಿಂಗಿನಲ್ಲಿ ಅವರ ಸ್ಟೋರ್ಸ್ ಮ್ಯಾನೇಜರ್ ತಾವೇ ಎದ್ದು ನಿಂತು, ಪರದೆಯ ಮೇಲೆ ಬೆರಳಿಟ್ಟು, "ನೋಡಿ, ಇಲ್ಲಿ ಕೆಂಪು ಬಂದ್ರೆ ಎರಡು ವಾರದಲ್ಲಿ ಸ್ಟಾಕ್ ಮುಗಿಯುತ್ತೆ ಅಂತ" ಎಂದು ಎಲ್ಲರಿಗೂ ವಿವರಿಸಿದರು. ನಾನು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ಹಣಕಾಸು ನೋಡುವವರು ಮಾತ್ರ ತಲೆ ಎತ್ತಲಿಲ್ಲ. ಅವರ ಮುಂದೆ ಎರಡು ಫೈಲ್ ಇದ್ದವು. ಒಂದು ನಮ್ಮದು. ಇನ್ನೊಂದು ಎಲ್ಲರಿಗೂ ಗೊತ್ತಿರುವ ಕಂಪನಿಯದು. ನಮ್ಮ ಫೈಲನ್ನು ಅವರು ಒಂದು ಸಲ ತಿರುಗಿಸಿ, ಹಿಂದಿನ ಪುಟದಲ್ಲಿ ಏನಾದರೂ ಸಿಗುತ್ತದೇನೋ ಅನ್ನುವ ಹಾಗೆ ನೋಡಿ, ಆ ಮಾತು ಹೇಳಿದರು.

ಆರ್ಡರ್ ಇನ್ನೊಬ್ಬರಿಗೆ ಹೋಯಿತು. ಸ್ಟೋರ್ಸ್ ಮ್ಯಾನೇಜರ್ ಲಿಫ್ಟ್‌ತನಕ ಬಂದರು. ಲಿಫ್ಟ್ ಬರುವುದು ತಡವಾಯಿತು. ಏನಾದರೂ ಹೇಳಲೇಬೇಕಿತ್ತು ಅಂತ ಕಾಣುತ್ತೆ. "ನಂಗೆ ನಿಮ್ದೇ ಇಷ್ಟ ಆಗಿತ್ತು. ಆದ್ರೆ ನಾಳೆ ನಿಮ್ದು ಕೈಕೊಟ್ಟರೆ, 'ಇವರನ್ನ ಎಲ್ಲಿಂದ ಹಿಡ್ಕೊಂಡು ಬಂದ್ರಿ' ಅಂತ ನನ್ನ ಕೇಳ್ತಾರೆ. ಅವರದು ಕೈಕೊಟ್ಟರೆ ನನ್ನ ಯಾರೂ ಕೇಳಲ್ಲ" ಅಂದರು. ಅಷ್ಟರಲ್ಲಿ ಲಿಫ್ಟ್ ಬಂತು.

ಗೆದ್ದ ಕಂಪನಿಯ ಹೋರ್ಡಿಂಗ್ ಒಂದು ನಾನು ದಿನಾ ಓಡಾಡುವ ದಾರಿಯಲ್ಲೇ ಇತ್ತು. ನೀಲಿ ಆಕಾಶ, ನಡುವೆ ಹೆಸರು, ಕೆಳಗೆ ಒಂದು ಸಾಲು. ಏನು ಮಾರುತ್ತಾರೆ ಅನ್ನುವುದೂ ಅದರಲ್ಲಿರಲಿಲ್ಲ. ತಿಂಗಳುಗಟ್ಟಲೆ ಅದನ್ನು ನೋಡಿ, ಇಷ್ಟು ದುಡ್ಡು ಸುಮ್ನೆ ಯಾಕೆ ಸುರೀತಾರೆ ಅಂದುಕೊಂಡಿದ್ದೆ. ಆ ರಸ್ತೆಯಲ್ಲಿ ಹೋಗುವ ಸಾವಿರ ಜನರಲ್ಲಿ ಗೋದಾಮಿನ ಸಾಫ್ಟ್‌ವೇರ್ ಕೊಳ್ಳುವವರು ಒಬ್ಬರಾದರೂ ಇದ್ದಾರಾ? ಅವತ್ತು ಸಂಜೆ ಸಿಗ್ನಲ್‌ನಲ್ಲಿ ನಿಂತು ಮತ್ತೆ ನೋಡಿದಾಗ ಗೊತ್ತಾಯಿತು. ಆ ಹೋರ್ಡಿಂಗ್ ಕೊಳ್ಳುವವರಿಗಾಗಿ ಮಾತ್ರ ಹಾಕಿದ್ದಾಗಿರಲಿಲ್ಲ. ಫೈಲ್ ತಿರುಗಿಸಿ ನೋಡಿದ ಆ ಹಣಕಾಸಿನವರಿಗೂ ಅದು ಮಾತಾಡಿತ್ತು. ನಾಳೆ "ಎಲ್ಲಿಂದ ಹಿಡ್ಕೊಂಡು ಬಂದ್ರಿ" ಅಂತ ಕೇಳಬಹುದಾದ ಯಾರೋ ಒಬ್ಬರಿಗೂ ಮಾತಾಡಿತ್ತು.

ಕುರ್ಚಿಯಲ್ಲಿ ಕೂತವನು

1958ರಲ್ಲಿ ಮೆಗ್ರಾ-ಹಿಲ್ ಸಂಸ್ಥೆ ತನ್ನ ವ್ಯಾಪಾರ ಪತ್ರಿಕೆಗಳ ಪರವಾಗಿ ಒಂದು ಜಾಹೀರಾತು ಹಾಕಿತ್ತು. ಮಾರ್ಕೆಟಿಂಗ್‌ನವರು ಇವತ್ತಿಗೂ ಅದನ್ನು ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಕುರ್ಚಿಯಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ. ಮುಖ ಗಂಟು. ಎದುರಿಗೆ ಬಂದ ಸೇಲ್ಸ್‌ಮನ್‌ಗೆ ಅವನು ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ನೀನು ಯಾರೋ ಗೊತ್ತಿಲ್ಲ. ನಿನ್ನ ಕಂಪನಿ ಗೊತ್ತಿಲ್ಲ. ಏನು ಮಾಡುತ್ತೀರೋ ಗೊತ್ತಿಲ್ಲ. ನಿಮ್ಮ ಗಿರಾಕಿಗಳು ಯಾರೋ, ನಿಮಗೆ ಎಂಥ ಹೆಸರಿದೆಯೋ ಅದೂ ಗೊತ್ತಿಲ್ಲ. ಈಗ ಹೇಳು, ಏನು ಮಾರಬೇಕು ಅಂತ ಬಂದೆ? ನಾನು ಇದನ್ನು ಮೊದಲು ನೋಡಿದ್ದು ಆ ಆರ್ಡರ್ ಕಳೆದುಕೊಂಡ ಎಷ್ಟೋ ದಿನಗಳ ಮೇಲೆ. ಹೊಟ್ಟೆಯಲ್ಲಿ ಒಂಥರಾ ಆಯಿತು. ಮೂರು ವಾರದ ಟ್ರಯಲ್, ನಲವತ್ತು ನಿಮಿಷದ ಡೆಮೊ, ಇದೆಲ್ಲ ನಾವು ಬಾಗಿಲು ದಾಟಿದ ಮೇಲೆ ಮಾಡಿದ ಕೆಲಸ. ಅವನು ಕೇಳುತ್ತಿರುವುದು ಬಾಗಿಲಿಗೆ ಬರುವ ಮೊದಲೇ ಆಗಬೇಕಿದ್ದ ಪರಿಚಯದ ಬಗ್ಗೆ.

ಜಾಹೀರಾತು ಅಂದ ಕೂಡಲೇ ನಾವು ಅದನ್ನು ಕರೆಗಂಟೆ ಅಂದುಕೊಳ್ಳುತ್ತೇವೆ. ಒತ್ತಿದರೆ ಯಾರಾದರೂ ಬಂದು ಬಾಗಿಲು ತೆಗೆಯಬೇಕು, ಇವತ್ತೇ ಕೊಳ್ಳಬೇಕು. ಆದರೆ ಇವತ್ತು ಕೊಳ್ಳುವವರು ಯಾವತ್ತೂ ಕಡಿಮೆ ಜನ. ಮಾರ್ಕೆಟಿಂಗ್ ಬಗ್ಗೆ ಸಂಶೋಧನೆ ಮಾಡುವ ಎರೆನ್‌ಬರ್ಗ್-ಬಾಸ್ ಸಂಸ್ಥೆಯ ಜಾನ್ ಡಾಸ್ 2021ರಲ್ಲಿ ಇದಕ್ಕೆ ಒಂದು ಸರಳ ಲೆಕ್ಕ ಕೊಟ್ಟರು. ಕಂಪನಿಗಳು ಕಂಪ್ಯೂಟರ್, ಬ್ಯಾಂಕು, ವಕೀಲರು ಇಂಥದ್ದನ್ನೆಲ್ಲ ಸುಮಾರು ಐದು ವರ್ಷಕ್ಕೊಮ್ಮೆ ಬದಲಾಯಿಸುತ್ತವೆ ಅಂದುಕೊಳ್ಳಿ. ಹಾಗಾದರೆ ಒಂದು ವರ್ಷದಲ್ಲಿ ಕೊಳ್ಳಲು ಹೊರಡುವವರು ನೂರಕ್ಕೆ 20. ಮೂರು ತಿಂಗಳಲ್ಲಿ ನೂರಕ್ಕೆ 5. ಉಳಿದ 95 ಮಂದಿಗೆ ಈಗ ನಿಮ್ಮಿಂದ ಏನೂ ಬೇಕಿಲ್ಲ. ಎಷ್ಟು ಬೆಲ್ ಒತ್ತಿದರೂ ಅವರು ಬಾಗಿಲು ತೆಗೆಯುವುದಿಲ್ಲ. ಆದರೆ ಒಂದು ದಿನ ಬೇಕಾಗುತ್ತದೆ. ಅವತ್ತು ಅವರು ಹೊಸದಾಗಿ ಹುಡುಕಲು ಕೂರುವುದಿಲ್ಲ. ತಲೆಯಲ್ಲಿ ಆಗಲೇ ಇರುವ ಎರಡು ಮೂರು ಹೆಸರು ಎತ್ತಿಕೊಳ್ಳುತ್ತಾರೆ. ಆ ಎರಡು ಮೂರರಲ್ಲಿ ನಾವು ಇದ್ದೇವಾ ಅನ್ನುವುದಷ್ಟೇ ಪ್ರಶ್ನೆ. ನಾವು ಆ ಕಾರ್ಖಾನೆಗೆ ಹೋದದ್ದು ಸರಿಯಾದ ಮೂರು ತಿಂಗಳಲ್ಲೇ. ಆದರೆ ಅದಕ್ಕೂ ಹಿಂದಿನ ಐದು ವರ್ಷ ನಾವು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇದರ ಇನ್ನೊಂದು ಮುಖವನ್ನು ತೋರಿಸಿದ್ದು ಇಬೇ ಅನ್ನುವ ಆನ್‌ಲೈನ್ ಮಾರಾಟದ ಕಂಪನಿ. 2012ರಲ್ಲಿ ಅವರು ಒಂದು ಪ್ರಯೋಗ ಮಾಡಿದರು. ಹುಡುಕಾಟದ ಸೈಟುಗಳಲ್ಲಿ ಯಾರಾದರೂ 'ಇಬೇ' ಅಂತಲೇ ಟೈಪ್ ಮಾಡಿದರೆ ಮೇಲೆ ತೋರಿಸಲು ದುಡ್ಡು ಕೊಡುತ್ತಿದ್ದ ಜಾಹೀರಾತನ್ನು ಕೆಲವು ಕಡೆ ನಿಲ್ಲಿಸಿದರು. ಬರುವವರ ಸಂಖ್ಯೆ ಕಡಿಮೆಯಾಗಲೇ ಇಲ್ಲ ಅನ್ನಬಹುದು. ಜಾಹೀರಾತು ಇಲ್ಲದ್ದಕ್ಕೆ ಅದರ ಕೆಳಗಿದ್ದ ಪುಕ್ಕಟೆ ಕೊಂಡಿ ಒತ್ತಿಕೊಂಡು ಜನ ಬಂದರು. ನನಗೆ ಇದು ತುಂಬಾ ಕಲಿಸಿತು. ಹುಡುಕಿಕೊಂಡು ಬರುತ್ತಿರುವವನ ಕೈಗೆ ಚೀಟಿ ಕೊಡುವುದಕ್ಕೆ ದುಡ್ಡು ಸುರಿದು ಏನು ಪ್ರಯೋಜನ? ಅವನು ಹೆಸರು ಟೈಪ್ ಮಾಡುವಾಗಲೇ ಕೆಲಸ ಮುಗಿದಿತ್ತು. ಆ ಹೆಸರು ಅವನ ಬೆರಳಿಗೆ ಬಂದದ್ದು ಹೇಗೆ ಅನ್ನುವುದೇ ನಿಜವಾದ ವಿಷಯ. ಅದು ಅವನು ಏನನ್ನೂ ಹುಡುಕದೆ ಇದ್ದ ಯಾವುದೋ ದಿನ ಆಗಿಹೋದದ್ದು.

ಪೆಟ್ಟಿಗೆಯೊಳಗಿನ ಚೂರು

ಎಲ್ಲರಿಗೂ ಯಾಕೆ ಹೇಳಬೇಕು ಅನ್ನುವುದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉದಾಹರಣೆ ಇಂಟೆಲ್. ಅವರು ಮಾಡುವ ಪ್ರೊಸೆಸರ್ ಅನ್ನುವುದು ಕಂಪ್ಯೂಟರ್ ಪೆಟ್ಟಿಗೆಯೊಳಗೆ ಮುಚ್ಚಿಟ್ಟ ಒಂದು ಚೂರು. ಬಹುಪಾಲು ಜನ ಅದನ್ನು ಕಣ್ಣಿಂದ ನೋಡುವುದೇ ಇಲ್ಲ. ಅದನ್ನು ಕೊಳ್ಳುವವರು ಕಂಪ್ಯೂಟರ್ ತಯಾರಿಸುವ ಕಂಪನಿಗಳು. ಇಂಟೆಲ್ ತನ್ನ ಚಿಪ್‌ಗಳಿಗೆ ಹೆಸರೂ ಇಟ್ಟಿರಲಿಲ್ಲ, 286, 386 ಅಂತ ನಂಬರ್ ಇತ್ತು ಅಷ್ಟೇ. ಬೇರೆ ಕಂಪನಿ ಅದೇ ನಂಬರ್ ಬಳಸಿದಾಗ ಇಂಟೆಲ್ ಕೋರ್ಟಿಗೆ ಹೋಯಿತು. 386 ಅನ್ನುವ ನಂಬರ್ ಯಾರೊಬ್ಬರ ಸ್ವತ್ತೂ ಆಗಲು ಬರುವುದಿಲ್ಲ ಅಂತ 1991ರಲ್ಲಿ ಕೋರ್ಟು ಹೇಳಿತು. ಅದೇ ವರ್ಷ 'ಇಂಟೆಲ್ ಇನ್‌ಸೈಡ್' ಶುರುವಾಯಿತು. ಕಂಪ್ಯೂಟರ್ ತಯಾರಿಸುವವರು ತಮ್ಮ ಜಾಹೀರಾತಿನಲ್ಲಿ ಆ ಗುರುತು ಹಾಕಿಕೊಂಡರೆ ಖರ್ಚಿನ ಒಂದು ಪಾಲನ್ನು ಇಂಟೆಲ್ ಕೊಡುತ್ತಿತ್ತು. ಮುಂದೆ ಬಂದ ಚಿಪ್‌ಗೆ ನಂಬರ್ ಬಿಟ್ಟು ಪೆಂಟಿಯಂ ಅಂತ ಹೆಸರಿಟ್ಟರು. 1994ರಲ್ಲಿ ಅದಕ್ಕೊಂದು ಪುಟ್ಟ ರಾಗವೂ ಬಂತು. ಅದನ್ನು ಕಟ್ಟಿದವರು ವಾಲ್ಟರ್ ವೆರ್ಜೋವಾ. ಈ ಸಾಲು ಓದುವಾಗಲೇ ನಿಮ್ಮಲ್ಲಿ ಕೆಲವರ ಕಿವಿಯಲ್ಲಿ ಅದು ಕೇಳಿರಬೇಕು.

ಇದರಿಂದ ಆದದ್ದೇನು? ಕಂಪ್ಯೂಟರ್ ಕೊಳ್ಳಲು ಬಂದ ಯಾರೋ ಒಬ್ಬರು, ಪ್ರೊಸೆಸರ್ ಅಂದರೆ ಏನು ಅಂತಲೂ ಗೊತ್ತಿಲ್ಲದವರು, "ಒಳಗೆ ಇಂಟೆಲ್ ಇದೆಯಾ?" ಅಂತ ಕೇಳಿದರು. ಆ ಪ್ರಶ್ನೆ ಅಂಗಡಿಯವರನ್ನು ಮುಟ್ಟಿತು. ಅಂಗಡಿಯಿಂದ ತಯಾರಕರನ್ನು ಮುಟ್ಟಿತು. ಇನ್ನು ಮೇಲೆ ತಯಾರಕರು ಬೇರೆ ಚಿಪ್ ಹಾಕಬೇಕಾದರೆ ಗಿರಾಕಿಗೆ ಸಮಜಾಯಿಷಿ ಕೊಡಬೇಕು. ಆ ಸ್ಟೋರ್ಸ್ ಮ್ಯಾನೇಜರ್ ಲಿಫ್ಟ್ ಮುಂದೆ ನಿಂತು ನನಗೆ ಸಮಜಾಯಿಷಿ ಕೊಟ್ಟರಲ್ಲ, ಹಾಗೆ. ಕೊಳ್ಳುವವನ ಹಿಂದೆ ಯಾವಾಗಲೂ ಕೇಳುವವರು ಇರುತ್ತಾರೆ. ಜಾಹೀರಾತು ಆ ಕೇಳುವವರ ಬಾಯಿಗೆ ಒಂದು ಹೆಸರು ಇಟ್ಟುಬಿಡುತ್ತದೆ.

ಎಲ್ಲರಿಗೂ ಗೊತ್ತಿರುವುದು ಬೇರೆ, ಎಲ್ಲರಿಗೂ ಗೊತ್ತಿದೆ ಅಂತ ನನಗೆ ಗೊತ್ತಿರುವುದು ಬೇರೆ. ಮೈಕೆಲ್ ಚ್ವೆ ಅನ್ನುವ ವಿದ್ವಾಂಸರು ಈ ಎರಡನೆಯದರ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ಅವರು ಕೊಡುವ ಒಂದು ಉದಾಹರಣೆ ಆಪಲ್ ಕಂಪನಿಯದು. 1984ರ ಜನವರಿ 22ರಂದು, ಅಮೆರಿಕನ್ ಫುಟ್‌ಬಾಲಿನ ಫೈನಲ್ ಆದ ಸೂಪರ್ ಬೌಲ್ ಪಂದ್ಯದ ನಡುವೆ ಆಪಲ್ ತನ್ನ ಮ್ಯಾಕಿಂಟಾಷ್ ಕಂಪ್ಯೂಟರಿನ ಜಾಹೀರಾತು ತೋರಿಸಿತು. ಹೊಸ ಥರದ ಕಂಪ್ಯೂಟರ್ ಅದು. ಬೇರೆಯವರು ಕೊಂಡರೆ ಮಾತ್ರ ಅದಕ್ಕೆ ಸಾಫ್ಟ್‌ವೇರ್ ಬರೆಯುವವರು ಸಿಗುತ್ತಾರೆ. ಒಂಟಿಯಾಗಿ ಕೊಂಡವನ ಕೈಯಲ್ಲಿ ಅದು ಅರ್ಧ ಯಂತ್ರ. ಹಾಗಾಗಿ ನಾನು ನೋಡಿದರೆ ಸಾಲದು, ನನ್ನ ಜೊತೆ ಕೋಟಿಗಟ್ಟಲೆ ಜನ ಇದನ್ನೇ ಈಗ ನೋಡ್ತಾ ಇದ್ದಾರೆ ಅಂತ ನನಗೆ ಗೊತ್ತಾಗಬೇಕು. ಒಬ್ಬೊಬ್ಬರ ಫೋನಿಗೆ ಗುಟ್ಟಾಗಿ ಕಳಿಸಿದ ಮೆಸೇಜ್ ಈ ಕೆಲಸ ಮಾಡಲಾರದು. ನಾಲ್ಕು ದಾರಿ ಸೇರುವಲ್ಲಿ ನಿಂತ ಹೋರ್ಡಿಂಗ್ ಮಾಡುತ್ತದೆ.

ಆ ರಾತ್ರಿ

ಇಷ್ಟೆಲ್ಲ ಓದಿ ತಿಳಿದುಕೊಂಡಿದ್ದ ಮೇಲೂ ಒಂದು ರಾತ್ರಿ ನಾನೇ ಕುರ್ಚಿಯಲ್ಲಿ ಕೂತ ಆ ಮನುಷ್ಯನಾದೆ. ಮಗಳಿಗೆ ಆಗ ನಾಲ್ಕು ವರ್ಷ. ಹತ್ತೂವರೆ ಹೊತ್ತಿಗೆ ಜ್ವರ ಏರಿತು. ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಸಿರಪ್ ಬಾಟಲಿಯ ತಳದಲ್ಲಿ ಅರ್ಧ ಚಮಚವೂ ಇರಲಿಲ್ಲ. ಓಡಿಹೋಗಿ ಮೆಡಿಕಲ್ ಶಾಪಿನಲ್ಲಿ ಕೇಳಿದೆ. ಅಲ್ಲಿದ್ದ ಫಾರ್ಮಸಿಸ್ಟ್ ವಯಸ್ಸಾದವರು, ಕನ್ನಡಕವನ್ನು ಹಣೆಗೆ ಏರಿಸಿಕೊಂಡಿದ್ದರು. ಅವರು ಎರಡು ಡಬ್ಬಿ ತಂದು ಕೌಂಟರಿನ ಮೇಲೆ ಪಕ್ಕಪಕ್ಕ ಇಟ್ಟರು. ಒಂದು ನಾನು ಟಿವಿಯಲ್ಲಿ, ಬಸ್ಸಿನ ಬೆನ್ನ ಮೇಲೆ, ಎಲ್ಲೆಲ್ಲೂ ನೋಡಿದ್ದ ಹೆಸರು. ಇನ್ನೊಂದರ ಹೆಸರು ಕೇಳಿರಲಿಲ್ಲ. ಅವರು ಕನ್ನಡಕ ಇಳಿಸಿಕೊಂಡು, ಎರಡೂ ಡಬ್ಬಿಯ ಪಕ್ಕದ ಸಣ್ಣ ಅಕ್ಷರದ ಮೇಲೆ ಉಗುರಿಟ್ಟು ತೋರಿಸಿದರು. ಅದೇ ಔಷಧಿ. ಐದು ಎಂಎಲ್‌ನಲ್ಲಿ ಅಷ್ಟೇ ಮಿಲಿಗ್ರಾಂ. ಎಕ್ಸ್‌ಪೈರಿ ಇನ್ನೂ ದೂರ ಇದೆ. "ನಮ್ಮನೆ ಮಕ್ಕಳಿಗೆ ನಾನು ಇದನ್ನೇ ಒಯ್ಯೋದು" ಅಂತ ಹೆಸರು ಕೇಳಿರದ ಡಬ್ಬಿಯನ್ನು ನನ್ನ ಕಡೆ ಸರಿಸಿದರು. ತಗೊಂಡು ಬಂದೆ.

ಅಮ್ಮ ಬಾಗಿಲಲ್ಲೇ ಕಾಯ್ತಾ ಇದ್ದಳು. ಡಬ್ಬಿಯನ್ನು ಕೈಗೆ ತಗೊಂಡು ದೀಪದ ಕೆಳಗೆ ಹಿಡಿದಳು. ಒಂದು ಸಲ ತಿರುಗಿಸಿ ಹಿಂದೆ ನೋಡಿದಳು. "ಇದ್ಯಾವ್ದು? ಹೆಸರೇ ಕೇಳಿಲ್ವಲ್ಲ."

ಅದೇ ಮಾತು. ಡಬ್ಬಿ ತಿರುಗಿಸಿದ ರೀತಿಯೂ ಅದೇ. ನಾನು ಎಲ್ಲ ಹೇಳಿದೆ. ಅದೇ ಔಷಧಿ ಅಮ್ಮ, ಡೋಸ್ ಕೂಡ ಅಷ್ಟೇ, ಅವರ ಮನೆ ಮಕ್ಕಳಿಗೂ ಇದನ್ನೇ ಕೊಡ್ತಾರಂತೆ. ಅಮ್ಮ ಕೇಳಿಸಿಕೊಂಡಳು. "ಇರಬಹುದು. ಆದ್ರೆ ಮಗೂಗೆ ಕೊಡೋದು. ಈ ಹೊತ್ತಲ್ಲಿ ಇದನ್ನ ಕೊಟ್ಟು, ಬೆಳಿಗ್ಗೆ ಜಾಸ್ತಿಯಾದ್ರೆ?" ಅಂದಳು. ಒಳಗಿಂದ ಮಗಳ ಅಳು ಕೇಳ್ತಾ ಇತ್ತು. ನನ್ನ ಹತ್ತಿರ ಉತ್ತರ ಇತ್ತು. ಅದು ಜಾಸ್ತಿಯಾಗುವುದಿದ್ದರೆ ಯಾವ ಹೆಸರಿನ ಬಾಟಲಿ ಕೊಟ್ಟರೂ ಜಾಸ್ತಿಯಾಗುತ್ತದೆ. ಆದರೆ ನಾನು ಅದನ್ನು ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮತ್ತೆ ಅಂಗಡಿಗೆ ಹೋದೆ. ಶಟರ್ ಅರ್ಧ ಇಳಿಸಿದ್ದರು. ಬಗ್ಗಿ ಒಳಗೆ ನೋಡಿ, ಆ ಇನ್ನೊಂದನ್ನೇ ಕೊಡಿ ಅಂದೆ. ಅವರು ಏನೂ ಕೇಳದೆ ಕೊಟ್ಟರು. ನಾಚಿಕೆಯಾಯಿತು. ಜೊತೆಗೆ, ಸುಳ್ಳು ಯಾಕೆ ಹೇಳಲಿ, ಆ ಡಬ್ಬಿ ಕೈಗೆ ಬಂದ ಕೂಡಲೇ ಎದೆ ಸ್ವಲ್ಪ ಹಗುರಾಯಿತು. ಮೊದಲ ಡಬ್ಬಿಯ ಮೇಲೆ ನನಗೂ ಪೂರ್ತಿ ಧೈರ್ಯ ಇರಲಿಲ್ಲ.

ನಾಲ್ವರು ಅರ್ಥಶಾಸ್ತ್ರಜ್ಞರು ಅಮೆರಿಕದ ಮನೆಗಳ ಖರೀದಿ ಲೆಕ್ಕ ಹಿಡಿದು ಇದನ್ನೇ ನೋಡಿದ್ದಾರೆ. ಅವರ ಬರಹ ಬಂದದ್ದು 2015ರಲ್ಲಿ. ತಲೆನೋವಿನ ಮಾತ್ರೆ ಕೊಳ್ಳುವಾಗ ಸಾಮಾನ್ಯ ಜನ ನಾಲ್ಕರಲ್ಲಿ ಒಂದು ಸಲ ಹೆಸರುವಾಸಿ ಬ್ರ್ಯಾಂಡ್ ಎತ್ತಿಕೊಳ್ಳುತ್ತಾರೆ. ಫಾರ್ಮಸಿಸ್ಟ್‌ಗಳು ತಮ್ಮ ಮನೆಗೆ ಕೊಳ್ಳುವಾಗ ಹತ್ತರಲ್ಲಿ ಒಂದು ಸಲವೂ ಇಲ್ಲ. ಉಪ್ಪು, ಸಕ್ಕರೆ ಕೊಳ್ಳುವ ಬಾಣಸಿಗರದ್ದೂ ಇದೇ ಕಥೆ. ವಸ್ತುವಿನ ಒಳಗು ಬಲ್ಲವರಿಗೆ ಹೆಸರು ಬೇಡ. ಹೆಸರು ಬೇಕಾಗಿರುವುದು ಒಳಗು ಗೊತ್ತಿಲ್ಲದ ನಮಗೆ. ಮತ್ತೆ, ನಮ್ಮಲ್ಲಿ ಪ್ರತಿಯೊಬ್ಬರೂ ಬಹುಪಾಲು ವಸ್ತುಗಳ ವಿಷಯದಲ್ಲಿ ಒಳಗು ಗೊತ್ತಿಲ್ಲದವರೇ. ಆ ಫಾರ್ಮಸಿಸ್ಟ್ ಕೂಡ ಟೈರ್ ಕೊಳ್ಳುವಾಗ ನನ್ನಂತೆಯೇ ನಿಲ್ಲುತ್ತಾರೆ. ಕಂಪನಿಗಳು ಎಲ್ಲರ ಮುಂದೆ ಹೆಸರು ಹಿಡಿಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣಿಸಿಲ್ಲ. ತಿಳಿವಳಿಕೆ ಇಲ್ಲದ ಜಾಗದಲ್ಲಿ ಪರಿಚಯ ಬಂದು ಕೂರುತ್ತದೆ. ಅದರಲ್ಲೂ ಹೆದರಿಕೆ ಇದ್ದಾಗ, ಹೊತ್ತು ಮೀರಿದಾಗ, ಪಕ್ಕದಲ್ಲಿ ಇನ್ನೊಬ್ಬರು ನಿಂತು ಕೇಳುತ್ತಿರುವಾಗ.

ಕೇಳಿದ ಹೆಸರು, ಮಾಡಿದ ಹೆಸರು

ಅಮ್ಮನನ್ನು ನಾನು ತಪ್ಪು ಅನ್ನುವುದಿಲ್ಲ. ಕೇಳಿದ ಹೆಸರನ್ನು ನಂಬುವುದು ಮನುಷ್ಯನ ಹಳೆಯ ಜಾಣತನ. ಡೇನಿಯಲ್ ಗೋಲ್ಡ್‌ಸ್ಟೈನ್ ಮತ್ತು ಗೆರ್ಡ್ ಗಿಗೆರೆನ್ಸರ್ 2002ರಲ್ಲಿ ಬರೆದ ಒಂದು ಪ್ರಯೋಗ ಇದೆ. ಸ್ಯಾನ್ ಡಿಯಾಗೊ, ಸ್ಯಾನ್ ಆಂಟೋನಿಯೊ, ಈ ಎರಡು ಅಮೆರಿಕದ ನಗರಗಳಲ್ಲಿ ಯಾವುದರಲ್ಲಿ ಜನ ಜಾಸ್ತಿ ಅಂತ ವಿದ್ಯಾರ್ಥಿಗಳನ್ನು ಕೇಳಿದರು. ಅಮೆರಿಕದ ವಿದ್ಯಾರ್ಥಿಗಳಲ್ಲಿ ಸರಿ ಹೇಳಿದವರು ಸುಮಾರು ಮೂರರಲ್ಲಿ ಎರಡು ಪಾಲು. ಜರ್ಮನಿಯ ವಿದ್ಯಾರ್ಥಿಗಳು? ಎಲ್ಲರೂ ಸರಿ ಹೇಳಿದರು. ಅವರಲ್ಲಿ ಬಹಳ ಮಂದಿ ಸ್ಯಾನ್ ಡಿಯಾಗೊ ಹೆಸರು ಕೇಳಿದ್ದರು, ಸ್ಯಾನ್ ಆಂಟೋನಿಯೊ ಹೆಸರು ಕೇಳಿರಲಿಲ್ಲ. ಕೇಳಿದ್ದೇ ದೊಡ್ಡದಿರಬೇಕು ಅಂದುಕೊಂಡರು. ಆಗ ದೊಡ್ಡದೂ ಅದೇ ಆಗಿತ್ತು, ಗೆದ್ದರು. ದೊಡ್ಡ ಊರಿನ ಹೆಸರು ತಾನಾಗಿಯೇ ದೂರ ಹೋಗುತ್ತದೆ. ಹಾಗಾಗಿ ದೂರದಲ್ಲಿ ಕೂತವನಿಗೆ ಹೆಸರೊಂದೇ ಸಾಕಷ್ಟು ಸುದ್ದಿ.

ನಮ್ಮ ಭಾಷೆಯಲ್ಲೂ ಇದೇ ನಂಬಿಕೆ ಇದೆ ಅಲ್ವಾ? 'ಹೆಸರು ಮಾಡಿದ್ದಾನೆ' ಅಂತೀವಿ. ಅವನು ಏನೋ ಒಂದು ಒಳ್ಳೆಯ ಕೆಲಸ ಮಾಡಿದ್ದಾನೆ ಅಂತ ಅರ್ಥ. ಕೆಲಸ ಮೊದಲು, ಹೆಸರು ಆಮೇಲೆ. 'ಹೆಸರು ಉಳಿಸಿಕೊಂಡ', 'ಹೆಸರು ಕೆಡಿಸಿಕೊಂಡ', ಎಲ್ಲದರಲ್ಲೂ ಹೆಸರಿನ ಹಿಂದೆ ನಡತೆ ಇದೆ. 'ಹೆಸರು ಕೊಂಡುಕೊಂಡ' ಅನ್ನುವ ಮಾತು ನಮ್ಮಲ್ಲಿ ಇಲ್ಲ. ಜಾಹೀರಾತು ಮಾಡುವುದು ಅದನ್ನೇ. ಕೆಲಸಕ್ಕಿಂತ ಮೊದಲೇ ಹೆಸರನ್ನು ಊರೂರಿಗೆ ಕಳಿಸಿಬಿಡುತ್ತದೆ. ನಮ್ಮ ಕಿವಿಗೆ ಈ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾಂಕ್ 1968ರಲ್ಲಿ ಅರ್ಥವೇ ಇಲ್ಲದ ಪದಗಳನ್ನು ಜನರಿಗೆ ತೋರಿಸಿದರು. ಕೆಲವನ್ನು ಒಂದು ಸಲ, ಕೆಲವನ್ನು 25 ಸಲ. ಆಮೇಲೆ, ಇದರ ಅರ್ಥ ಒಳ್ಳೆಯದಿರಬಹುದಾ ಕೆಟ್ಟದ್ದಿರಬಹುದಾ, ಊಹಿಸಿ ಅಂದರು. ಜಾಸ್ತಿ ಸಲ ಕಂಡ ಪದಕ್ಕೆ ಜಾಸ್ತಿ ಒಳ್ಳೆಯ ಅರ್ಥ ಸಿಕ್ಕಿತು. ಯಾರೂ ಅವರ ಕಿವಿಯಲ್ಲಿ ಏನೂ ಊದಿರಲಿಲ್ಲ. ಮತ್ತೆ ಮತ್ತೆ ಕಂಡದ್ದಷ್ಟೇ.

ಹಾಗಂತ ಜಾಹೀರಾತನ್ನು ಪೂರ್ತಿ ಮೋಸ ಅಂತ ತಳ್ಳಿಹಾಕಲೂ ನನಗೆ ಮನಸ್ಸು ಬರುವುದಿಲ್ಲ. ಅರ್ಥಶಾಸ್ತ್ರಜ್ಞ ಫಿಲಿಪ್ ನೆಲ್ಸನ್ 1974ರಲ್ಲಿ ಒಂದು ವಾದ ಮುಂದಿಟ್ಟರು. ಬಳಸಿ ನೋಡಿದ ಮೇಲಷ್ಟೇ ಗುಣ ಗೊತ್ತಾಗುವ ವಸ್ತುಗಳಿರುತ್ತವೆ. ಅಂಥದ್ದನ್ನು ಮಾರುವವರು ಜಾಹೀರಾತಿಗೆ ದೊಡ್ಡ ಮೊತ್ತ ಸುರಿದರೆ, ಆ ಸುರಿದದ್ದೇ ಒಂದು ಸುದ್ದಿ. ಗಿರಾಕಿ ಮತ್ತೆ ಮತ್ತೆ ಬರುತ್ತಾನೆ ಅನ್ನುವ ಧೈರ್ಯ ಇಲ್ಲದವರು ಅಷ್ಟು ಸುರಿಯಲಾರರು. ಒಂದೇ ಸಲಕ್ಕೆ ಬಣ್ಣ ಬಯಲಾಗುವಂತಿದ್ದರೆ ಹಾಕಿದ ದುಡ್ಡು ವಾಪಸ್ ಬರುವುದು ಯಾವಾಗ? ಆ ನೀಲಿ ಹೋರ್ಡಿಂಗ್ ಏನೂ ಹೇಳದೆಯೂ ಹೇಳಿದ್ದು ಇದನ್ನೇ: ನಾವು ಇಲ್ಲಿ ಇರುವವರು, ನಾಳೆ ಅಂಗಡಿ ಮುಚ್ಚಿ ಹೋಗುವವರಲ್ಲ. ಸಾಬೂನು, ಬ್ಯಾಟರಿ, ಪೆನ್ನು ಇಂಥವಕ್ಕೆ ಈ ವಾದ ನನಗೂ ಒಪ್ಪಿಗೆ. ನಾಲ್ಕು ಸಲ ಕೊಂಡರೆ ನಮಗೇ ಗೊತ್ತಾಗಿಬಿಡುತ್ತದೆ.

ಆದರೆ ಬದುಕಿನಲ್ಲಿ ಒಂದೇ ಸಲ ಕೊಳ್ಳುವುದರ ಗತಿ ಏನು? ಮನೆ, ವಿಮೆ, ವರ್ಷಗಳ ಉಳಿತಾಯವನ್ನು ಇಡುವ ಜಾಗ? ಅಲ್ಲಿ ಎರಡನೇ ಸಲ ಅನ್ನುವುದೇ ಇಲ್ಲ. ಗೊತ್ತಾಗುವ ಹೊತ್ತಿಗೆ ಕೈ ಮೀರಿರುತ್ತದೆ. ಇನ್ನೊಂದು, ಸುರಿಯುವ ದುಡ್ಡು ಸ್ವಂತದ್ದಾಗಿರಬೇಕು. ಎನ್ರಾನ್ ಅನ್ನುವ ಅಮೆರಿಕದ ಇಂಧನ ಕಂಪನಿಯ ಹೆಸರು ಹೊತ್ತ ಕ್ರೀಡಾಂಗಣ ಹ್ಯೂಸ್ಟನ್‌ನಲ್ಲಿ 2000ದಲ್ಲಿ ತೆರೆಯಿತು. ಹೆಸರಿಗಾಗಿ ಮಾಡಿಕೊಂಡಿದ್ದ ಒಪ್ಪಂದ 30 ವರ್ಷದ್ದು. 2001ರ ಡಿಸೆಂಬರಿನಲ್ಲಿ ಎನ್ರಾನ್ ದಿವಾಳಿ ಎದ್ದಿತು. ಎಫ್‌ಟಿಎಕ್ಸ್ ಅನ್ನುವ ಕ್ರಿಪ್ಟೊ ಕಂಪನಿ 2022ರ ಫೆಬ್ರವರಿಯಲ್ಲಿ ಸೂಪರ್ ಬೌಲ್‌ನಲ್ಲಿ ಜಾಹೀರಾತು ಹಾಕಿತು. ಮಯಾಮಿಯ ಕ್ರೀಡಾಂಗಣಕ್ಕೂ ಅದರದೇ ಹೆಸರಿತ್ತು. ನವೆಂಬರಿನಲ್ಲಿ ಅದೂ ದಿವಾಳಿ. ಗಿರಾಕಿಗಳು ನಂಬಿ ಇಟ್ಟ ಹಣವನ್ನೇ ಬೇರೆ ಕಡೆ ಬಳಸಿದ್ದರು ಅಂತ ಆಮೇಲೆ ಕೋರ್ಟಿನಲ್ಲಿ ಸಾಬೀತಾಯಿತು. ಅಲ್ಲಿ ಹಣ ಇಟ್ಟು ಕಳೆದುಕೊಂಡವರನ್ನು ನೆನೆದಾಗ ನನಗೆ ಅಮ್ಮ ಡಬ್ಬಿ ತಿರುಗಿಸಿ ನೋಡಿದ್ದು ನೆನಪಾಗುತ್ತದೆ. ಅವರೂ ತಿರುಗಿಸಿ ನೋಡಿರುತ್ತಾರೆ. ಕೇಳಿದ ಹೆಸರೇ ಕಂಡಿತ್ತು.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತದೆ. ಎಲ್ಲರಿಗೂ ಹೇಳುವುದು ಅಂದರೆ ಮಕ್ಕಳಿಗೂ ಹೇಳುವುದು. 1991ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಮೂರರಿಂದ ಆರು ವರ್ಷದ 229 ಮಕ್ಕಳಿಗೆ ಬೇರೆ ಬೇರೆ ಕಂಪನಿಗಳ ಗುರುತುಗಳನ್ನು ಕೊಟ್ಟು, ಯಾವುದು ಯಾವ ವಸ್ತುವಿನದು ಜೋಡಿಸಿ ಅಂದರು. ಅದರಲ್ಲಿ ಒಂದು ಸಿಗರೇಟ್ ಕಂಪನಿಯ ಒಂಟೆಯ ಚಿತ್ರ, 'ಜೋ ಕ್ಯಾಮೆಲ್'. ಆರು ವರ್ಷದ ಮಕ್ಕಳಲ್ಲಿ ನೂರಕ್ಕೆ 91 ಮಂದಿ ಆ ಒಂಟೆಯನ್ನು ಸಿಗರೇಟಿನ ಚಿತ್ರದ ಜೊತೆ ಸರಿಯಾಗಿ ಜೋಡಿಸಿದರು. ಮಿಕ್ಕಿ ಮೌಸ್ ಗುರುತು ಹಿಡಿದಷ್ಟೇ ಸಲೀಸಾಗಿ. ಆ ಕಂಪನಿ ಒಂಟೆಯನ್ನು ಕೈಬಿಟ್ಟದ್ದು 1997ರಲ್ಲಿ. ಆರು ವರ್ಷದ ಮಗುವಿಗೆ ಇವತ್ತು ಸಿಗರೇಟ್ ಬೇಡ. ಆದರೆ ಆ ನೂರಕ್ಕೆ 95ರ ಲೆಕ್ಕ ನೆನಪಿಸಿಕೊಳ್ಳಿ. ಇವತ್ತು ಬೇಡದವರ ತಲೆಯಲ್ಲಿ ಹೆಸರು ಇಡುವುದೇ ಈ ಕೆಲಸದ ಜೀವಾಳ. ಗೋದಾಮಿನ ಸಾಫ್ಟ್‌ವೇರ್ ವಿಷಯದಲ್ಲಿ ನನಗೆ ಜಾಣತನ ಅನ್ನಿಸಿದ್ದ ಅದೇ ಲೆಕ್ಕ, ಇಲ್ಲಿ ಓದಿದಾಗ ಕೈ ನಡುಗಿತು. ತಂಬಾಕಿನ ಜಾಹೀರಾತನ್ನು ನಿಷೇಧಿಸಿದ್ದು ಸರಿ ಅಂತ ನಾನು ಮೊದಲಿಂದಲೂ ನಂಬಿದ್ದೆ. ಯಾಕೆ ಸರಿ ಅಂತ ಮನಸ್ಸಿಗೆ ಪೂರ್ತಿ ಇಳಿದದ್ದು ಈ ಅಧ್ಯಯನ ಓದಿದ ಮೇಲೆ.

ಮರೆವಿನ ಜೊತೆ ಓಟ

ಸ್ನೇಹಿತರೊಬ್ಬರು ಒಮ್ಮೆ ಕೇಳಿದ್ದರು, ಕೋಕ-ಕೋಲಾ ಗೊತ್ತಿಲ್ಲದವರು ಯಾರಿದ್ದಾರೆ, ಅವರು ಇನ್ನೂ ಯಾಕೆ ಜಾಹೀರಾತು ಹಾಕ್ತಾರೆ ಅಂತ. ನ್ಯಾಯವಾದ ಪ್ರಶ್ನೆ. ಇತ್ತೀಚಿನ ವರ್ಷಗಳಲ್ಲಿ ಆ ಕಂಪನಿ ಇದಕ್ಕೆ ವರ್ಷಕ್ಕೆ 400 ಕೋಟಿ ಡಾಲರಿಗೂ ಮಿಕ್ಕಿ ಖರ್ಚು ಮಾಡುತ್ತಿದೆ. ಉತ್ತರ ಇಷ್ಟೇ: ಗೊತ್ತಿರುವುದು ಬೇರೆ, ಬೇಕಾದ ಹೊತ್ತಿಗೆ ನೆನಪಿಗೆ ಬರುವುದು ಬೇರೆ. ಹ್ಯೂಬರ್ಟ್ ಝೀಲ್‌ಸ್ಕೆ 1959ರಲ್ಲಿ ಪ್ರಕಟಿಸಿದ ಪ್ರಯೋಗ ಹಳೆಯದಾದರೂ ಚಂದ ಇದೆ. ಒಂದೇ ವಸ್ತುವಿನ 13 ಜಾಹೀರಾತುಗಳನ್ನು ಅಂಚೆಯಲ್ಲಿ ಕಳಿಸಿದರು. ಒಂದು ಗುಂಪಿಗೆ ವಾರಕ್ಕೊಂದರಂತೆ 13 ವಾರ, ಇನ್ನೊಂದು ಗುಂಪಿಗೆ ನಾಲ್ಕು ವಾರಕ್ಕೊಂದರಂತೆ ವರ್ಷಪೂರ್ತಿ. ಮೊದಲ ಗುಂಪಿನಲ್ಲಿ ನೆನಪು ಬೇಗ ಮೇಲೇರಿತು, ಕಳಿಸುವುದು ನಿಂತ ಕೂಡಲೇ ಅಷ್ಟೇ ಬೇಗ ಕುಸಿಯಿತು. ಎರಡನೆಯದರಲ್ಲಿ ನಿಧಾನವಾಗಿ ಏರುತ್ತಾ ಹೋಯಿತು. ಹೆಸರು ಅನ್ನುವುದು ಒಂದು ಸಲ ಕಟ್ಟಿ ಮುಗಿಸುವ ಗೋಡೆಯ ಥರ ಇಲ್ಲ. ದಿನಾ ನೀರು ಹಾಕಬೇಕಾದ ಗಿಡದ ಥರ ಇದೆ. ನಮ್ಮ ಹದಿನಾಲ್ಕು ಜನರ ಕಂಪನಿಗೆ ಅಷ್ಟು ನೀರು ಎಲ್ಲಿಂದ ಬರಬೇಕಿತ್ತು? ಅದು ಈಗ ಇಲ್ಲ. ಒಳ್ಳೆಯ ಸಾಫ್ಟ್‌ವೇರ್ ಆಗಿತ್ತು. ಇದನ್ನು ಇಲ್ಲಿ ಬರೆದಿಡಬೇಕು ಅನ್ನಿಸಿತು, ಬೇರೆ ಎಲ್ಲೂ ಬರೆದಿಟ್ಟವರಿಲ್ಲ.

ಆ ರಾತ್ರಿಯ ಮೊದಲ ಡಬ್ಬಿ ನಮ್ಮ ಮನೆಯ ಔಷಧಿ ಡ್ರಾಯರಿನಲ್ಲೇ ಉಳಿದಿತ್ತು. ಸೀಲ್ ಒಡೆದಿರಲಿಲ್ಲ. ಕೆಲವು ತಿಂಗಳ ಮೇಲೆ ಮತ್ತೆ ಜ್ವರ ಬಂತು, ಹೆಸರಿದ್ದ ಬಾಟಲಿ ಮುಗಿದಿತ್ತು. ನಾನು ಆಫೀಸಿನಲ್ಲಿದ್ದೆ. ಅಮ್ಮ ಬೇರೆ ದಾರಿಯಿಲ್ಲದೆ ಅದನ್ನೇ ತೆಗೆದು, ಎಕ್ಸ್‌ಪೈರಿ ನೋಡಿ, ನನಗೆ ಫೋನಿನಲ್ಲಿ ಎರಡು ಸಲ ಡೋಸ್ ಕೇಳಿ ಕೊಟ್ಟಳು. ಸಂಜೆ ನಾನು ಬರುವಷ್ಟರಲ್ಲಿ ಜ್ವರ ಇಳಿದಿತ್ತು, ಮಗಳು ನೆಲದ ಮೇಲೆ ಬಣ್ಣದ ಪೆನ್ಸಿಲ್ ಹರಡಿಕೊಂಡು ಕೂತಿದ್ದಳು.

ಒಂದು ವಾರ ಕಳೆದಿರಬೇಕು. ಚಿಕ್ಕಮ್ಮನ ಮೊಮ್ಮಗನಿಗೆ ಹುಷಾರಿಲ್ಲ ಅಂತ ಫೋನ್ ಬಂದಿತ್ತು. ಅಮ್ಮ ಡ್ರಾಯರ್ ತೆಗೆದು ಆ ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ನಿಂತಿದ್ದಳು. "ಡಾಕ್ಟರನ್ನ ಕೇಳಿಯೇ ಕೊಡು. ಆದ್ರೆ ಇದನ್ನೇ ಬರೆಸ್ಕೋ" ಅಂತ ಹೆಸರು ಹೇಳಿದಳು. ಆ ಕಡೆಯಿಂದ ಏನು ಕೇಳಿದರೋ, "ನೀನು ಕೇಳಿರಲ್ಲ, ನಾನೂ ಕೇಳಿರ್ಲಿಲ್ಲ" ಅಂದಳು. ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದಳು. ಎರಡನೇ ಅಕ್ಷರ ಅವರಿಗೆ ಸರಿಯಾಗಿ ಕೇಳಿಸಲಿಲ್ಲ. ಮತ್ತೆ ಮೊದಲಿಂದ ಶುರುಮಾಡಿದಳು.